ಚಳವಳಿಗೆ ದೇಣಿಗೆ: ಬ್ಯಾಂಕ್ ಖಾತೆಯೇ, ಕ್ರಿಪ್ಟೋ ವಾಲೆಟ್ಟೇ?

ಸಣ್ಣ ರಾಜಕೀಯ ಗುಂಪೊಂದು ಯಾರ ಹಣದಿಂದ ನಡೆಯುತ್ತದೆ ಎಂಬುದೇ ಅದು ಯಾರ ಮಾತು ಕೇಳುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ‘ಒಂದು ಓಟು, ಒಂದು ನೋಟು’ ಎನ್ನುತ್ತ ಮನೆಮನೆಗೆ ಹೋದ ಕರ್ನಾಟಕದ ಸಮಾಜವಾದಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ಸಾವಿರ ಮಂದಿ ಕೊಟ್ಟ ಒಂದೊಂದು ರೂಪಾಯಿಗೂ ಒಬ್ಬನೇ ಕೊಟ್ಟ ಸಾವಿರ ರೂಪಾಯಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲದಿದ್ದರೂ ಋಣದಲ್ಲಿ ವ್ಯತ್ಯಾಸವಿದೆ. ಆದರೆ ಚಂದಾ ಎತ್ತುವ ಕೆಲಸ ರಸೀದಿ ಪುಸ್ತಕದಿಂದ ಫೋನಿಗೆ ಬಂದ ಮೇಲೆ ಕೊಡುವವರ ಮತ್ತು ಪಡೆಯುವವರ ನಡುವೆ ಬ್ಯಾಂಕು, ಪೇಮೆಂಟ್ ಗೇಟ್‌ವೇ, ಕಾರ್ಡ್ ಕಂಪನಿಗಳು ಬಂದು ನಿಂತಿವೆ. ಅವುಗಳಲ್ಲಿ ಯಾವುದೊಂದು ಬಾಗಿಲು ಹಾಕಿಕೊಂಡರೂ ಹಣ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಪರಿಹಾರವೆಂದು ಬ್ಯಾಂಕಿನ ನೆರವಿಲ್ಲದೆ ಅಂತರ್ಜಾಲದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಹೋಗುವ ಡಿಜಿಟಲ್ ನಾಣ್ಯಗಳಲ್ಲಿ, ಅಂದರೆ ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ಕರೆನ್ಸಿಗಳಲ್ಲಿ, ದೇಣಿಗೆ ಪಡೆಯುವ ಸಲಹೆ ಈಗ ಅನೇಕ ಗುಂಪುಗಳ ಸಭೆಗಳಲ್ಲಿ ಕೇಳಿಬರುತ್ತಿದೆ. ಅಂಥ ಗುಂಪಿನ ಖಜಾಂಚಿಯಾಗಿ ಹೌದು ಅಥವಾ ಬೇಡ ಎಂದು ಹೇಳಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಮಾಡಲಾಗಿದೆ.

ಮೊದಲಿಗೇ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಅಮೆರಿಕದ 2024ರ ಚುನಾವಣೆಯಲ್ಲಿ ಕ್ರಿಪ್ಟೋ ಹಣದ ಪ್ರಭಾವದ ಬಗ್ಗೆ ಬಹಳ ಚರ್ಚೆಯಾಯಿತು. ಅಲ್ಲಿ ನಡೆದದ್ದು ಕಾಯಿನ್‌ಬೇಸ್, ರಿಪಲ್‌ನಂಥ ಕ್ರಿಪ್ಟೋ ಕಂಪನಿಗಳು ಫೇರ್‌ಶೇಕ್ ಎಂಬ ಸೂಪರ್ ಪ್ಯಾಕ್‌ಗೆ (ಮಿತಿಯಿಲ್ಲದೆ ಹಣ ಪಡೆದು ಚುನಾವಣೆಗೆ ಖರ್ಚು ಮಾಡಬಲ್ಲ ಸಮಿತಿಗೆ) ಕೋಟಿಗಟ್ಟಲೆ ಡಾಲರ್ ಸುರಿದು ತಮ್ಮ ಉದ್ಯಮಕ್ಕೆ ಅನುಕೂಲವಾದ ಅಭ್ಯರ್ಥಿಗಳನ್ನು ಬೆಂಬಲಿಸಿದ ವ್ಯವಹಾರ. ಅದು ಉದ್ಯಮಿಗಳು ರಾಜಕೀಯಕ್ಕೆ ಹಣ ಹಾಕುವ ಹಳೆಯ ಪದ್ಧತಿಯೇ ಹೊರತು ಇಲ್ಲಿನ ವಿಷಯವಲ್ಲ. ನೂರಾರು ಜನ ಸಣ್ಣ ಮೊತ್ತಗಳನ್ನು ಕೊಟ್ಟು ನಡೆಸುವ ಗುಂಪಿಗೆ ಕ್ರಿಪ್ಟೋ ಉಪಯೋಗಕ್ಕೆ ಬರುತ್ತದೆಯೇ ಎಂಬುದಷ್ಟೇ ಇಲ್ಲಿರುವ ಪ್ರಶ್ನೆ.

ಬಾಗಿಲು ಮುಚ್ಚಿರುವುದು ಎಲ್ಲಿ?

ಆಯ್ಕೆಗಳನ್ನು ಹೋಲಿಸುವ ಮುನ್ನ ಹಣದ ಪ್ರಯಾಣವನ್ನು ಮೂರು ಹಂತಗಳಾಗಿ ನೋಡುವುದು ಒಳ್ಳೆಯದು. ಹಣ ಒಳಬರಬೇಕು, ಖರ್ಚಾಗುವವರೆಗೆ ಎಲ್ಲಾದರೂ ಭದ್ರವಾಗಿರಬೇಕು, ಕೊನೆಗೆ ವಕೀಲರ ಶುಲ್ಕ, ಶಾಮಿಯಾನ, ಊಟ, ಆಸ್ಪತ್ರೆ ಬಿಲ್ಲುಗಳ ರೂಪದಲ್ಲಿ ಹೊರಹೋಗಬೇಕು. ಕ್ರಿಪ್ಟೋ ಮೊದಲ ಹಂತವನ್ನು ನಿಜವಾಗಿಯೂ ಸುಲಭ ಮಾಡುತ್ತದೆ, ಎರಡನೆಯ ಹಂತದ ಹೊಣೆಯನ್ನು ಬ್ಯಾಂಕಿನಿಂದ ತೆಗೆದು ನಿಮ್ಮ ಹೆಗಲ ಮೇಲೆ ಹಾಕುತ್ತದೆ, ಮೂರನೆಯ ಹಂತಕ್ಕೆ ಬಹುತೇಕ ಏನನ್ನೂ ಮಾಡುವುದಿಲ್ಲ. ಶಾಮಿಯಾನದವನು ಬಿಟ್‌ಕಾಯಿನ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಣ ಹೇಗೆ ಬರುತ್ತದೆ ಎಂಬುದಕ್ಕಿಂತ ಹೇಗೆ ಹೊರಹೋಗುತ್ತದೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಚಿನ ಕೆಲವು ಪ್ರಕರಣಗಳನ್ನು ಈ ದೃಷ್ಟಿಯಿಂದ ನೋಡಿದರೆ ಮಾತು ಸ್ಪಷ್ಟವಾಗುತ್ತದೆ.

2010ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಸಂಸ್ಥೆಗಳು ಸರ್ಕಾರಗಳ ಗುಟ್ಟಿನ ದಾಖಲೆಗಳನ್ನು ಪ್ರಕಟಿಸುವ ವಿಕಿಲೀಕ್ಸ್‌ಗೆ ಹೋಗುವ ದೇಣಿಗೆಯನ್ನು ನಿಲ್ಲಿಸಿದಾಗ ಅದಕ್ಕೆ ಯಾವ ನ್ಯಾಯಾಲಯದ ಆದೇಶವೂ ಇರಲಿಲ್ಲ. ಮರುವರ್ಷ ಜೂನ್‌ನಲ್ಲಿ ವಿಕಿಲೀಕ್ಸ್ ಬಿಟ್‌ಕಾಯಿನ್ ಸ್ವೀಕರಿಸತೊಡಗಿತು. ಆಗ ಬಿಟ್‌ಕಾಯಿನ್ ಬಳಸುವವರೇ ಕೆಲವರಿದ್ದುದರಿಂದ ಅದು ದೊಡ್ಡ ಆದಾಯವಾಗಿರಲಿಲ್ಲ. ಆದರೆ ಮಧ್ಯವರ್ತಿಗಳು ಸೇರಿ ಒಂದು ಸಂಸ್ಥೆಯನ್ನು ಹಣದಿಂದ ದೂರವಿಡುವುದು ಇನ್ನು ಮೊದಲಿನಷ್ಟು ಸುಲಭವಲ್ಲ ಎಂಬುದನ್ನು ಅದು ತೋರಿಸಿತು.

ನೈಜೀರಿಯದ ಪ್ರಕರಣವನ್ನು ಇನ್ನಷ್ಟು ವಿವರವಾಗಿ ನೋಡಬೇಕು. ಸಾರ್ಸ್ ಎಂಬ ಪೊಲೀಸ್ ದಳದ ದೌರ್ಜನ್ಯದ ವಿರುದ್ಧ 2020ರ ಅಕ್ಟೋಬರ್‌ನಲ್ಲಿ ಯುವಜನರು ಬೀದಿಗಿಳಿದಾಗ, ಅದೇ ವರ್ಷ ಹುಟ್ಟಿದ್ದ ಫೆಮಿನಿಸ್ಟ್ ಕೊಅಲಿಷನ್ ಎಂಬ ಮಹಿಳೆಯರ ಗುಂಪು ಗಾಯಾಳುಗಳ ಚಿಕಿತ್ಸೆ, ಬಂಧಿತರ ಪರ ವಕೀಲರು, ಊಟ, ನೀರು ಇವುಗಳಿಗಾಗಿ ಹಣ ಸಂಗ್ರಹಿಸಿತು. ಬ್ಯಾಂಕ್ ಖಾತೆ ಮತ್ತು ಪೇಮೆಂಟ್ ಲಿಂಕ್‌ಗಳು ಕೆಲವೇ ದಿನಗಳಲ್ಲಿ ಸ್ಥಗಿತಗೊಂಡವು. ಗುಂಪು ಬಿಟ್‌ಕಾಯಿನ್‌ಗೆ ತಿರುಗಿ, ಬಿಟಿಸಿಪೇ ಸರ್ವರ್ ಎಂಬ ಮುಕ್ತ ತಂತ್ರಾಂಶದ ಮೂಲಕ ದೇಣಿಗೆ ಪಡೆಯತೊಡಗಿತು. ಟ್ವಿಟರ್‌ನ ಆಗಿನ ಮುಖ್ಯಸ್ಥ ಜಾಕ್ ಡಾರ್ಸಿ ಅದನ್ನು ಹಂಚಿಕೊಂಡದ್ದರಿಂದ ಹೊರದೇಶಗಳಿಂದಲೂ ಹಣ ಬಂತು. ಸಂಗ್ರಹವಾದ ಸುಮಾರು 14.7 ಕೋಟಿ ನೈರಾದಲ್ಲಿ ದೊಡ್ಡ ಪಾಲು ಬಿಟ್‌ಕಾಯಿನ್ ಆಗಿತ್ತು. ಈ ಹಣ ನಿಜಕ್ಕೂ ಕೆಲಸಕ್ಕೆ ಬಂದದ್ದು ನೈಜೀರಿಯದಲ್ಲಿ ಬಿಟ್‌ಕಾಯಿನ್ ಅನ್ನು ನೈರಾಕ್ಕೆ ಬದಲಾಯಿಸಿಕೊಳ್ಳುವ, ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ದೊಡ್ಡ ಮಾರುಕಟ್ಟೆ ಆಗಲೇ ಬೆಳೆದು ನಿಂತಿದ್ದರಿಂದ. ಅಂದರೆ ಹೊರಹೋಗುವ ಬಾಗಿಲು ಮೊದಲೇ ತೆರೆದಿತ್ತು. ಸರ್ಕಾರಕ್ಕೂ ಇದು ಅರ್ಥವಾಗಿದ್ದಿರಬೇಕು. 2021ರ ಫೆಬ್ರವರಿ 5ರಂದು ನೈಜೀರಿಯದ ಕೇಂದ್ರ ಬ್ಯಾಂಕು ಕ್ರಿಪ್ಟೋ ವ್ಯವಹಾರ ಮಾಡುವವರ ಖಾತೆಗಳನ್ನು ಮುಚ್ಚುವಂತೆ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಆ ನಿರ್ಬಂಧ ಸಡಿಲಗೊಂಡದ್ದು 2023ರ ಡಿಸೆಂಬರ್‌ನಲ್ಲಿ. ಈ ಗುಂಪಿನ ಇನ್ನೊಂದು ಗುಣವನ್ನು ತಂತ್ರಜ್ಞಾನಕ್ಕಿಂತ ಮೇಲೆ ಇಡಬೇಕೆಂದು ನನಗನಿಸುತ್ತದೆ: ಚಳವಳಿ ನಡೆಯುತ್ತಿದ್ದಾಗಲೇ ಅವರು ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ಮತ್ತೆ ಮತ್ತೆ ಪ್ರಕಟಿಸುತ್ತಿದ್ದರು.

ಬೆಲಾರೂಸ್‌ನಲ್ಲಿ ಬಾಗಿಲು ಮುಚ್ಚಿದ್ದು ಇನ್ನೊಂದು ತುದಿಯಲ್ಲಿ. 2020ರ ಆಗಸ್ಟ್‌ನ ಅಧ್ಯಕ್ಷೀಯ ಚುನಾವಣೆಯ ನಂತರ ಅಧ್ಯಕ್ಷ ಲುಕಶೆಂಕೊ ವಿರುದ್ಧ ಪ್ರತಿಭಟಿಸಿ ಕೆಲಸ ಕಳೆದುಕೊಂಡವರಿಗೆ, ಮುಷ್ಕರ ಹೂಡಿದ ಕಾರ್ಮಿಕರಿಗೆ ನೆರವಾಗಲು ದೇಶದ ಹೊರಗೆ ಬೈಸೋಲ್ ಎಂಬ ನಿಧಿ ಹುಟ್ಟಿಕೊಂಡಿತು. ಯೂರೋಪಿನಲ್ಲಿ ಹಣ ಸಂಗ್ರಹಿಸುವುದು ಕಷ್ಟವಾಗಿರಲಿಲ್ಲ. ಅದನ್ನು ಪಡೆದವರ ಖಾತೆಗಳನ್ನು ಬೆಲಾರೂಸ್‌ನ ಬ್ಯಾಂಕುಗಳು ಸ್ಥಗಿತಗೊಳಿಸುತ್ತಿದ್ದವು. ಹಾಗಾಗಿ ನಿಧಿಯು ನೆರವನ್ನು ಬಿಟ್‌ಕಾಯಿನ್ ರೂಪದಲ್ಲಿ ಕಳಿಸಿ, ಪಡೆದವರು ಅದನ್ನು ಸ್ಥಳೀಯ ಹಣಕ್ಕೆ ಬದಲಾಯಿಸಿಕೊಳ್ಳುವ ವಿಧಾನವನ್ನು ಹೇಳಿಕೊಟ್ಟಿತು. ತಮಾಷೆಯೆಂದರೆ ಸಾಮಾನ್ಯ ನಾಗರಿಕರು ಕ್ರಿಪ್ಟೋ ಕೊಳ್ಳಬಹುದು, ಮಾರಬಹುದು ಎಂದು 2017ರ ಕೊನೆಯಲ್ಲಿ ಅಧಿಕೃತ ಆದೇಶ ಹೊರಡಿಸಿದ್ದವರು ಅದೇ ಅಧ್ಯಕ್ಷ ಲುಕಶೆಂಕೊ.

ಕೆನಡಾದ ಟ್ರಕ್ ಚಾಲಕರ ‘ಫ್ರೀಡಂ ಕಾನ್ವಾಯ್’ ರಾಜಕೀಯವಾಗಿ ಇವೆರಡಕ್ಕಿಂತ ತೀರ ಬೇರೆ ಬಣ್ಣದ್ದು. ಕೋವಿಡ್ ಲಸಿಕೆಯ ಕಡ್ಡಾಯದ ವಿರುದ್ಧ 2022ರ ಜನವರಿಯಲ್ಲಿ ಶುರುವಾದ ಈ ಪ್ರತಿಭಟನೆಗೆ ಗೋಫಂಡ್‌ಮಿ ತಾಣದಲ್ಲಿ ಒಂದು ಕೋಟಿ ಕೆನಡಿಯನ್ ಡಾಲರ್‌ಗಿಂತ ಹೆಚ್ಚು ಸಂಗ್ರಹವಾಗಿತ್ತು. ಅದರಲ್ಲಿ ಹತ್ತು ಲಕ್ಷವನ್ನಷ್ಟೇ ಬಿಡುಗಡೆ ಮಾಡಿದ ತಾಣವು ಫೆಬ್ರವರಿ 4ರಂದು ಅಭಿಯಾನವನ್ನೇ ತೆಗೆದುಹಾಕಿತು. ಆಮೇಲೆ ಬಿಟ್‌ಕಾಯಿನ್‌ನಲ್ಲಿ 20ಕ್ಕೂ ಹೆಚ್ಚು ನಾಣ್ಯಗಳು ಬಂದವು. ಫೆಬ್ರವರಿ 14ರಂದು ಸರ್ಕಾರ ತುರ್ತು ಕಾಯಿದೆಯನ್ನು ಜಾರಿಗೆ ತಂದ ಬಳಿಕ ಪೊಲೀಸರು ಮೂವತ್ತಕ್ಕೂ ಹೆಚ್ಚು ವಾಲೆಟ್ (ನಾಣ್ಯಗಳನ್ನು ಇಟ್ಟುಕೊಳ್ಳುವ ಡಿಜಿಟಲ್ ಚೀಲ) ವಿಳಾಸಗಳ ಪಟ್ಟಿಯನ್ನು, ಕ್ರಿಪ್ಟೋವನ್ನು ಹಣಕ್ಕೆ ಬದಲಾಯಿಸಿಕೊಡುವ ಎಕ್ಸ್‌ಚೇಂಜ್‌ಗಳಿಗೆ ಕಳಿಸಿ, ಅವುಗಳೊಡನೆ ವ್ಯವಹರಿಸದಂತೆ ಸೂಚಿಸಿದರು. ಒಂಟಾರಿಯೊದ ನ್ಯಾಯಾಲಯವೂ ಆಸ್ತಿಯನ್ನು ತಡೆಹಿಡಿಯುವ ಆದೇಶ ನೀಡಿತು. ಸ್ವಲ್ಪ ಭಾಗ ಚಾಲಕರ ಕೈಸೇರಿತು, ಸ್ವಲ್ಪ ಭಾಗ ಪೊಲೀಸರ ವಶವಾಯಿತು. ತುರ್ತು ಕಾಯಿದೆಯ ಬಳಕೆ ಸಮಂಜಸವಾಗಿರಲಿಲ್ಲ ಎಂದು ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತದ್ದು 2024ರ ಜನವರಿಯಲ್ಲಿ, ಅಂದರೆ ಬೀದಿ ಖಾಲಿಯಾಗಿ ಎರಡು ವರ್ಷಗಳಾಗುವ ಹೊತ್ತಿಗೆ. ಹಣವನ್ನು ಬಿಟ್‌ಕಾಯಿನ್ ಜಾಲದಲ್ಲಿ ಯಾರೂ ತಡೆಯಲಿಲ್ಲ. ತಡೆದದ್ದು ಅದು ಡಾಲರ್ ಆಗಬೇಕಾಗಿದ್ದ ಜಾಗದಲ್ಲಿ.

ಪಡೆಯುವ ವಿಧಾನಗಳು

ಸಂಘಟನೆಯ ಹೆಸರಿನ ಬ್ಯಾಂಕ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಯುಪಿಐ ಕೋಡು ಭಾರತದಲ್ಲಿ ಅತ್ಯಂತ ಅಗ್ಗದ ದಾರಿ. ಹತ್ತು ರೂಪಾಯಿಯನ್ನೂ ಕೊಡಬಹುದು, ಕೊಡುವವರಿಗೆ ಖರ್ಚಿಲ್ಲ, ಬ್ಯಾಂಕಿನ ಪಟ್ಟಿಯೇ ಲೆಕ್ಕದ ಪುಸ್ತಕವಾಗುತ್ತದೆ. ಎಷ್ಟೋ ಗುಂಪುಗಳು ಕ್ರಿಪ್ಟೋ ಬಗ್ಗೆ ಯೋಚಿಸುವ ಹೊತ್ತಿಗೂ ಒಬ್ಬ ಕಾರ್ಯಕರ್ತನ ಸ್ವಂತ ಫೋನ್ ನಂಬರಿಗೇ ಚಂದಾ ಹಾಕಿಸಿಕೊಳ್ಳುತ್ತಿರುತ್ತವೆ. ಆ ಹಣ ಕಾನೂನಿನ ಕಣ್ಣಿಗೆ ಆತನ ಹಣವಾಗಿ ಕಾಣುತ್ತದೆ. ತೆರಿಗೆ ನೋಟಿಸ್ ಬಂದರೆ ಬರುವುದೂ ಆತನಿಗೇ. ಸಂಘವನ್ನು ನೋಂದಾಯಿಸಿ, ಪ್ಯಾನ್ ಪಡೆದು, ಇಬ್ಬರ ಸಹಿಯ ಖಾತೆ ತೆರೆಯುವ ಕೆಲಸ ಮುಗಿಯದಿದ್ದರೆ ಈ ಬರಹದ ಉಳಿದ ಭಾಗವನ್ನು ಸದ್ಯಕ್ಕೆ ಓದಬೇಕಾಗಿಲ್ಲ. ಈ ದಾರಿಯ ದೌರ್ಬಲ್ಯವೂ ಸ್ಪಷ್ಟ: ಒಂದು ಪತ್ರ ಬಂದರೆ ಸಾಕು, ಖಾತೆ ನಿಲ್ಲುತ್ತದೆ.

ಜನರಿಂದ ಹಣ ಸಂಗ್ರಹಿಸಿಕೊಡುವ ತಾಣಗಳು ಪ್ರಚಾರಕ್ಕೆ ಒಳ್ಳೆಯವು, ರಾಜಕೀಯಕ್ಕೆ ಅಷ್ಟು ಒಳ್ಳೆಯವಲ್ಲ. ತಾಣದ ಒಳನಿಯಮ ಯಾವಾಗ ಹೇಗೆ ಅನ್ವಯವಾಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅದಕ್ಕಿಂತ ಗಂಭೀರವಾದ ಸಂಗತಿ ಕೆನಡಾದಲ್ಲಿ ನಡೆಯಿತು. ಗೋಫಂಡ್‌ಮಿ ಕೈಬಿಟ್ಟ ಬಳಿಕ ಚಾಲಕರು ಹೋದ ಗಿವ್‌ಸೆಂಡ್‌ಗೋ ತಾಣಕ್ಕೆ 2022ರ ಫೆಬ್ರವರಿಯಲ್ಲಿ ಕನ್ನ ಬಿದ್ದು, ಕೊಟ್ಟವರ ಹೆಸರುಗಳ ಪಟ್ಟಿಯೇ ಬಯಲಾಯಿತು.

ಕ್ರಿಪ್ಟೋ ಕಡೆಗೆ ಬಂದರೆ ಮೂರು ಬಗೆಯ ವ್ಯವಸ್ಥೆಗಳಿವೆ. ಮೊದಲನೆಯದು ಪ್ರೊಸೆಸರ್: ಬಿಟ್‌ಪೇಯಂಥ ಕಂಪನಿ ದೇಣಿಗೆಯನ್ನು ಕ್ರಿಪ್ಟೋದಲ್ಲಿ ಪಡೆದು, ಕೂಡಲೇ ಡಾಲರ್ ಮಾಡಿ, ಸಣ್ಣ ಶುಲ್ಕ ಹಿಡಿದು ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತದೆ. ಬೆಲೆಯ ಏರಿಳಿತದ ತಲೆನೋವಿಲ್ಲ, ಲೆಕ್ಕ ಸುಲಭ, ಕಾನೂನಿಗೆ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು. ಆದರೆ ಬ್ಯಾಂಕನ್ನು ನಂಬಲಾಗದು ಎಂಬ ಕಾರಣಕ್ಕೆ ಕ್ರಿಪ್ಟೋಗೆ ಬಂದಿದ್ದವರಿಗೆ ಇದು ಸುತ್ತಿ ಬಳಸಿ ಮತ್ತೆ ಬ್ಯಾಂಕಿನ ಮುಂದೆಯೇ ನಿಲ್ಲಿಸುತ್ತದೆ. ಅಮೆರಿಕದ ಅಭ್ಯರ್ಥಿಗಳಿಗೆ ಇದು ಸರಿಹೊಂದುತ್ತದೆ. ನೈಜೀರಿಯದ ಆ ಮಹಿಳೆಯರಿಗೆ ಹೊಂದುತ್ತಿರಲಿಲ್ಲ.

ಎರಡನೆಯದು ಎಕ್ಸ್‌ಚೇಂಜ್‌ನಲ್ಲಿ ಖಾತೆ ತೆರೆದು ಅದರ ವಿಳಾಸವನ್ನೇ ಜನರಿಗೆ ಕೊಡುವುದು. ಮಾಡಲು ಅತ್ಯಂತ ಸುಲಭವಾಗಿರುವುದರಿಂದಲೇ ಹೆಚ್ಚಿನವರು ಇದನ್ನು ಆರಿಸುತ್ತಾರೆ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಇದೇ. ಸ್ಥಗಿತಗೊಳ್ಳುವ ಅಪಾಯ ಬ್ಯಾಂಕಿನಷ್ಟೇ ಇದೆ; ಬ್ಯಾಂಕಿಗಿರುವ ಠೇವಣಿ ವಿಮೆಯ ರಕ್ಷಣೆ ಇಲ್ಲ. 2024ರ ಜುಲೈನಲ್ಲಿ ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಸಾಮಾನ್ಯ ಗ್ರಾಹಕರು ತಮ್ಮದೇ ಹಣಕ್ಕಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು. ಚಳವಳಿಯ ಹಣಕ್ಕೆ ಅಷ್ಟು ವ್ಯವಧಾನವಿರುವುದಿಲ್ಲ.

ಮೂರನೆಯದು ಸ್ವಂತ ವಾಲೆಟ್. ಖಾಸಗಿ ಕೀಲಿ, ಅಂದರೆ ಸಾಮಾನ್ಯವಾಗಿ 12 ಅಥವಾ 24 ಪದಗಳ ಒಂದು ಸರಣಿ, ಯಾರಲ್ಲಿದೆಯೋ ಹಣ ಅವರದು. ಇದನ್ನು ಎರಡು ರೀತಿಯಲ್ಲಿ ಬಳಸಬಹುದು. ಒಂದೇ ವಿಳಾಸವನ್ನು ಪೋಸ್ಟರಿನ ಮೇಲೆ ಅಚ್ಚುಹಾಕಿಸಿಬಿಟ್ಟರೆ ಅದು ಗಾಜಿನ ಹುಂಡಿಯಂತಾಗುತ್ತದೆ: ಯಾವಾಗ ಎಷ್ಟು ಬಿತ್ತು, ಯಾವ ವಿಳಾಸದಿಂದ ಬಂತು, ಮುಂದೆ ಯಾವ ವಿಳಾಸಕ್ಕೆ ಹೋಯಿತು ಎಂಬುದೆಲ್ಲ ಯಾರು ಬೇಕಾದರೂ, ಎಂದು ಬೇಕಾದರೂ ನೋಡುವಂತಿರುತ್ತದೆ. ಇದರ ಬದಲು ಬಿಟಿಸಿಪೇ ಸರ್ವರ್ ಅನ್ನು ತಮ್ಮದೇ ಕಂಪ್ಯೂಟರಿನಲ್ಲಿ ಅಥವಾ ಬಾಡಿಗೆ ಸರ್ವರಿನಲ್ಲಿ ಸ್ಥಾಪಿಸಿಕೊಂಡರೆ ಪ್ರತಿಯೊಬ್ಬ ದಾನಿಗೂ ಒಂದು ಹೊಸ ವಿಳಾಸ ತಾನಾಗಿ ಸಿಗುತ್ತದೆ. ಮಧ್ಯವರ್ತಿಗೆ ಶುಲ್ಕವಿಲ್ಲ, ಅನುಮತಿ ಕೇಳಬೇಕಾಗಿಲ್ಲ, ಹಣ ತೆಗೆಯುವ ಕೀಲಿಯನ್ನು ಆ ಸರ್ವರಿನಲ್ಲಿ ಇಡಬೇಕಾಗಿಯೂ ಇಲ್ಲ. ಫ್ರಾನ್ಸಿನ ತಂತ್ರಜ್ಞ ನಿಕೋಲಾ ಡೋರಿಯೆ 2017ರಲ್ಲಿ ಶುರುಮಾಡಿದ ಈ ತಂತ್ರಾಂಶ ಉಚಿತ. ಆದರೆ ಅದನ್ನು ನೋಡಿಕೊಳ್ಳಲು ಸರ್ವರ್ ನಡೆಸಿ ಗೊತ್ತಿರುವ, ನಾಳೆ ಸಂಘಟನೆ ಬಿಟ್ಟುಹೋಗದ ಒಬ್ಬರಾದರೂ ಬೇಕು. ಅಂಥವರಿಲ್ಲದ ಗುಂಪಿಗೆ ಇದು ಕಾಗದದ ಮೇಲಷ್ಟೇ ಉತ್ತಮ ಆಯ್ಕೆ.

ಯಾವ ನಾಣ್ಯ?

ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್‌ನ ಹತ್ತಿರವಿದ್ದದ್ದು ಒಂದು ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಇಳಿಯಿತು. ದೇಣಿಗೆಯನ್ನು ಹಾಗೆಯೇ ಇಟ್ಟುಕೊಂಡು ಬೆಲೆ ಏರುವುದನ್ನು ಕಾಯುವ ಖಜಾಂಚಿ ಜನರ ಹಣದಲ್ಲಿ ಜೂಜಾಡುತ್ತಿದ್ದಾನೆ ಎಂದೇ ತಿಳಿಯಬೇಕು. ಲಾಭವಾದರೂ ಈ ಮಾತು ಬದಲಾಗುವುದಿಲ್ಲ. ಸಣ್ಣ ದೇಣಿಗೆಗೆ ಬಿಟ್‌ಕಾಯಿನ್‌ನ ಇನ್ನೊಂದು ತೊಡಕು ಜಾಲದ ಶುಲ್ಕ. 2024ರ ಏಪ್ರಿಲ್ 20ರಂದು ಒಂದು ವರ್ಗಾವಣೆಯ ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಅಂಥ ದಿನಗಳು ಅಪರೂಪವಾದರೂ, ನೂರಿನ್ನೂರು ರೂಪಾಯಿ ಕೊಡುವವರು ಶುಲ್ಕಕ್ಕೇ ಅಷ್ಟು ತೆರುವ ಸ್ಥಿತಿ ಆಗಾಗ ಬರುತ್ತಿರುತ್ತದೆ. ಬಿಟ್‌ಕಾಯಿನ್‌ನ ಮೇಲೆಯೇ ಕಟ್ಟಿರುವ, ಸಣ್ಣ ಪಾವತಿಗಳಿಗೆಂದು ಇರುವ ಲೈಟ್ನಿಂಗ್ ಜಾಲ ಈ ಶುಲ್ಕವನ್ನು ಪೈಸೆಗಳಿಗೆ ಇಳಿಸುತ್ತದೆ. ಅದನ್ನು ಸ್ವಂತವಾಗಿ ನಡೆಸುವುದಕ್ಕೆ ಮಾತ್ರ ಇನ್ನಷ್ಟು ತಾಂತ್ರಿಕ ತಿಳಿವು ಬೇಕು.

ಡಾಲರ್‌ಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ಗಳಲ್ಲಿ ಬೆಲೆಯ ಏರಿಳಿತ ಬಹುತೇಕ ಇಲ್ಲ. ಮ್ಯಾನ್ಮಾರ್‌ನಲ್ಲಿ ಸೇನೆಯ ದಂಗೆಯ ವಿರುದ್ಧ ರಚನೆಯಾದ ರಾಷ್ಟ್ರೀಯ ಏಕತಾ ಸರ್ಕಾರವು 2021ರ ಡಿಸೆಂಬರ್‌ನಲ್ಲಿ ಟೆದರ್ ಎಂಬ ಸ್ಟೇಬಲ್‌ಕಾಯಿನ್ ಅನ್ನು ತನ್ನ ಬಳಕೆಗೆ ಒಪ್ಪಿಕೊಂಡದ್ದು ಈ ಅನುಕೂಲಕ್ಕಾಗಿಯೇ. ಹಣವನ್ನು ಕೆಲವು ವಾರ ಇಟ್ಟುಕೊಳ್ಳಬೇಕಾದ ಗುಂಪಿಗೆ ನಾನು ಬಿಟ್‌ಕಾಯಿನ್‌ಗಿಂತ ಇದನ್ನೇ ಸೂಚಿಸುತ್ತೇನೆ, ಆದರೆ ಒಂದು ಎಚ್ಚರಿಕೆಯೊಡನೆ. ಟೆದರ್ ಅನ್ನು ಹೊರಡಿಸುವ ಕಂಪನಿಗೆ ಯಾವುದೇ ವಿಳಾಸದಲ್ಲಿರುವ ತನ್ನ ನಾಣ್ಯವನ್ನು ಸ್ಥಗಿತಗೊಳಿಸುವ ಅಧಿಕಾರವಿದೆ, ಮತ್ತು ತನಿಖಾ ಸಂಸ್ಥೆಗಳು ಕೇಳಿದಾಗ ಅದನ್ನು ಬಳಸಿಯೂ ಇದೆ. ಅಲ್ಲಿಗೆ ಮಧ್ಯವರ್ತಿ ಮತ್ತೆ ಬಂದಂತಾಯಿತು.

ಹೆಸರೇ ಕೇಳಿರದ ನಾಣ್ಯಗಳನ್ನು ಯಾರಾದರೂ ದೊಡ್ಡ ಮೊತ್ತದಲ್ಲಿ ಕೊಡಲು ಬಂದರೆ ಏನಾಗುತ್ತದೆ ಎಂಬುದಕ್ಕೆ ರಾಜಕೀಯೇತರವಾದರೂ ನಮ್ಮದೇ ದೇಶದ ಉದಾಹರಣೆಯಿದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕ್ರಿಪ್ಟೋ ಉದ್ಯಮಿ ಸಂದೀಪ್ ನೈಲ್ವಾಲ್ ಆರಂಭಿಸಿದ ಕ್ರಿಪ್ಟೋ ರಿಲೀಫ್ ನಿಧಿಗೆ ಎಥೀರಿಯಂ ಎಂಬ ಕ್ರಿಪ್ಟೋ ಜಾಲವನ್ನು ರೂಪಿಸಿದ ವಿಟಾಲಿಕ್ ಬ್ಯೂಟರಿನ್ ಶಿಬಾ ಇನು ನಾಣ್ಯಗಳ ದೊಡ್ಡ ರಾಶಿಯನ್ನೇ ಕೊಟ್ಟರು. ಆ ದಿನದ ಬೆಲೆಯಲ್ಲಿ ಅದು 100 ಕೋಟಿ ಡಾಲರ್‌ನಷ್ಟಿತ್ತು. ಅಷ್ಟನ್ನೂ ಮಾರಲು ಹೊರಟರೆ ಬೆಲೆಯೇ ಕುಸಿಯುವುದರಿಂದ ನಿಧಿಯ ಕೈಗೆ ಬಂದದ್ದು ಅದಕ್ಕಿಂತ ತೀರ ಕಡಿಮೆ. ಬಂದ ಹಣವನ್ನು ಭಾರತದೊಳಗೆ ತರುವಾಗ ವಿದೇಶಿ ದೇಣಿಗೆಯ ಕಾಯಿದೆಯ ನಿಯಮಗಳನ್ನು ಪಾಲಿಸಬೇಕಾಗಿದ್ದರಿಂದ ಖರ್ಚು ನಿಧಾನವಾಯಿತು.

ಕೊಟ್ಟವರ ಗತಿ

ಕ್ರಿಪ್ಟೋದಲ್ಲಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಈ ವಿಷಯದಲ್ಲಿ ಬೇರೊಂದಿಲ್ಲ. ಬಿಟ್‌ಕಾಯಿನ್‌ನ ಪ್ರತಿ ವರ್ಗಾವಣೆಯೂ ಸಾರ್ವಜನಿಕ ಪುಸ್ತಕದಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ಅಲ್ಲಿ ಹೆಸರಿರುವುದಿಲ್ಲ, ನಿಜ. ಆದರೆ ದಾನಿಯು ಆ ನಾಣ್ಯವನ್ನು ಗುರುತಿನ ಚೀಟಿ ಕೊಟ್ಟು ತೆರೆದ ಎಕ್ಸ್‌ಚೇಂಜ್ ಖಾತೆಯಿಂದ ಕಳಿಸಿದ್ದರೆ ಹೆಸರು ಒಂದು ನೋಟಿಸ್‌ನಷ್ಟು ದೂರದಲ್ಲಿರುತ್ತದೆ. ಇವತ್ತಿನ ಕಾನೂನು ಹತ್ತು ವರ್ಷಗಳ ನಂತರ ಬದಲಾದರೂ ಆ ದಾಖಲೆ ಬದಲಾಗುವುದಿಲ್ಲ.

ಹಾಗೆಂದು ಬ್ಯಾಂಕಿನ ಕಾರ್ಡು ಸುರಕ್ಷಿತವೆಂದೇನೂ ಅಲ್ಲ. ರಷ್ಯಾದಲ್ಲಿ ವಿರೋಧಿ ನಾಯಕ ಅಲೆಕ್ಸೇಯ್ ನವಾಲ್ನಿಯ ಭ್ರಷ್ಟಾಚಾರ ವಿರೋಧಿ ಪ್ರತಿಷ್ಠಾನವನ್ನು 2021ರ ಜೂನ್‌ನಲ್ಲಿ ಉಗ್ರವಾದಿ ಸಂಘಟನೆಯೆಂದು ಮಾಸ್ಕೋದ ನ್ಯಾಯಾಲಯ ಘೋಷಿಸಿತು. ಆಮೇಲೆ ಕಾರ್ಡಿನ ಮೂಲಕ ಅದಕ್ಕೆ ಸಣ್ಣಪುಟ್ಟ ಮೊತ್ತ ಕೊಟ್ಟ ಸಾಮಾನ್ಯ ಜನರ ಮೇಲೆ, ಬ್ಯಾಂಕ್ ದಾಖಲೆಗಳ ಆಧಾರದಿಂದ, ಉಗ್ರವಾದಕ್ಕೆ ಹಣ ಒದಗಿಸಿದ ಕ್ರಿಮಿನಲ್ ಮೊಕದ್ದಮೆಗಳು ದಾಖಲಾದವು. ಪ್ರತಿಷ್ಠಾನವನ್ನು ನಡೆಸುತ್ತಿದ್ದವರು ಬಹುತೇಕ ದೇಶದ ಹೊರಗಿದ್ದರು, ಕೊಟ್ಟವರು ಒಳಗಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಕಹಿಯಾದ ಉದಾಹರಣೆ ಸಿಗಲಾರದು. ದಾನಿಗಳಿಗೆ ಅಪಾಯವಿರುವ ದೇಶದಲ್ಲಿ ಹಣ ಕೇಳುವ ಗುಂಪು ದೇಣಿಗೆ ಕೋರುವ ಪುಟದಲ್ಲಿಯೇ ಆ ಅಪಾಯವನ್ನು ಬರೆದಿಡಬೇಕು. ಕೆಲವೊಮ್ಮೆ ದೇಶದೊಳಗಿನವರು ಕೊಡುವುದೇ ಬೇಡವೆಂದು ಹೇಳುವುದು ಪ್ರಾಮಾಣಿಕತೆ. ವರ್ಗಾವಣೆಯನ್ನೇ ಮರೆಮಾಡುವ ಮೊನೆರೊದಂಥ ನಾಣ್ಯಗಳಿವೆಯಾದರೂ ಬೈನಾನ್ಸ್ 2024ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟಂತೆ ದೊಡ್ಡ ಎಕ್ಸ್‌ಚೇಂಜ್‌ಗಳು ಅವುಗಳಿಂದ ದೂರ ಸರಿಯುತ್ತಿರುವುದರಿಂದ, ಹೊರಹೋಗುವ ಬಾಗಿಲು ಇನ್ನೂ ಕಿರಿದಾಗುತ್ತದೆ.

ಕಾನೂನು ಏನೆನ್ನುತ್ತದೆ?

ಅಮೆರಿಕದ ಫೆಡರಲ್ ಚುನಾವಣಾ ಆಯೋಗವು 2014ರ ಮೇ ತಿಂಗಳಲ್ಲಿ ‘ಮೇಕ್ ಯುವರ್ ಲಾಸ್’ ಎಂಬ ಸಣ್ಣ ರಾಜಕೀಯ ಸಮಿತಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತ, ಅದು ಒಬ್ಬರಿಂದ ಒಂದು ಚುನಾವಣೆಗೆ 100 ಡಾಲರ್‌ವರೆಗಿನ ಬಿಟ್‌ಕಾಯಿನ್ ಪಡೆಯಬಹುದೆಂದು ಒಪ್ಪಿತು. ಕೊಡುವವರ ಹೆಸರು, ವಿಳಾಸ, ಉದ್ಯೋಗ ತಿಳಿದಿರಬೇಕು, ವಿದೇಶಿಯರಾಗಿರಬಾರದು. ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಇಂಥ ದೇಣಿಗೆಯನ್ನು ನಿಷೇಧಿಸಿ, 2022ರಲ್ಲಿ ಕೂಡಲೇ ಡಾಲರ್ ಮಾಡುವ ಪ್ರೊಸೆಸರ್ ಮೂಲಕವಾದರೆ ಆಗಬಹುದೆಂದು ಮನಸ್ಸು ಬದಲಾಯಿಸಿತು. ಐರ್ಲೆಂಡ್ 2022ರಲ್ಲಿ ಪಕ್ಷಗಳಿಗೆ ಕ್ರಿಪ್ಟೋ ದೇಣಿಗೆಯನ್ನೇ ನಿಷೇಧಿಸಿತು. ಬ್ರಿಟನ್‌ನಲ್ಲಿ ರಿಫಾರ್ಮ್ ಯುಕೆ ಪಕ್ಷ 2025ರಲ್ಲಿ ಬಿಟ್‌ಕಾಯಿನ್ ಸ್ವೀಕರಿಸುವುದಾಗಿ ಪ್ರಕಟಿಸಿದ ಮೇಲೆ ನಿಷೇಧದ ಚರ್ಚೆ ಅಲ್ಲಿಯೂ ಎದ್ದಿತು.

ಭಾರತದಲ್ಲಿ ಕ್ರಿಪ್ಟೋ ಹೊಂದುವುದು ಅಪರಾಧವಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಬ್ಯಾಂಕಿಂಗ್ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ 2022ರ ಏಪ್ರಿಲ್‌ನಿಂದ ವರ್ಗಾವಣೆಯ ಲಾಭದ ಮೇಲೆ ಶೇ 30 ತೆರಿಗೆ, ಅದೇ ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ ಜಾರಿಯಲ್ಲಿವೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆದುಕೊಳ್ಳುವಂತೆಯೂ ಇಲ್ಲ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯಡಿ ಗ್ರಾಹಕರ ಗುರುತು ಇಟ್ಟು, ಅನುಮಾನಾಸ್ಪದ ವ್ಯವಹಾರಗಳನ್ನು ವರದಿ ಮಾಡಬೇಕು.

ನೋಂದಾಯಿತ ಪಕ್ಷಕ್ಕಾದರೆ ಉತ್ತರ ಬಹುತೇಕ ‘ಬೇಡ’ ಎಂದೇ ಆಗುತ್ತದೆ. 20 ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟವರ ವಿವರವನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ತೆರಿಗೆ ವಿನಾಯಿತಿ ಉಳಿಯಬೇಕಾದರೆ 2 ಸಾವಿರ ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ಬ್ಯಾಂಕಿಂಗ್ ಮಾರ್ಗದಲ್ಲಿಯೇ ಪಡೆದಿರಬೇಕು. ವಾಲೆಟ್‌ನಿಂದ ವಾಲೆಟ್‌ಗೆ ಬಂದ ನಾಣ್ಯ ಈ ಷರತ್ತಿಗೆ ಹೊಂದುವುದಿಲ್ಲ. ಚುನಾವಣಾ ಬಾಂಡ್‌ಗಳನ್ನು 2024ರ ಫೆಬ್ರವರಿ 15ರಂದು ರದ್ದುಪಡಿಸುವಾಗ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿಯುವ ಮತದಾರರ ಹಕ್ಕನ್ನು. ಬಾಂಡ್‌ಗಳನ್ನು ವಿರೋಧಿಸಿದ್ದ ಗುಂಪೊಂದು ಹೆಸರಿಲ್ಲದ ವಾಲೆಟ್‌ನಿಂದ ಬಂದ ಹಣವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಪಕ್ಷವಲ್ಲದ ಚಳವಳಿಗಳಿಗೆ ನಿಜವಾದ ಗಡಿ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ. ಅದು ಪಕ್ಷಗಳಿಗೆ, ಅಭ್ಯರ್ಥಿಗಳಿಗೆ, ‘ರಾಜಕೀಯ ಸ್ವರೂಪದ ಸಂಸ್ಥೆ’ಗಳಿಗೆ ವಿದೇಶಿ ಮೂಲದ ಹಣವನ್ನು ನಿಷೇಧಿಸುತ್ತದೆ. ಬಂದ್, ಧರಣಿಗಳಂಥ ವಿಧಾನಗಳಿಂದ ಜನರ ಬೇಡಿಕೆಯನ್ನು ಬೆಂಬಲಿಸಿದ ಮಾತ್ರಕ್ಕೆ, ಪಕ್ಷ ರಾಜಕಾರಣದ ನಂಟಿಲ್ಲದ ಸಂಸ್ಥೆಯನ್ನು ಹಾಗೆ ಕರೆಯಲಾಗದು ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬೇರೆ ಸಂಸ್ಥೆಗಳು ವಿದೇಶಿ ಹಣ ಪಡೆಯಲು ನೋಂದಣಿ ಮಾಡಿಸಿ, ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಯಲ್ಲಿಯೇ ಪಡೆಯಬೇಕು. ಜಗತ್ತಿನ ಯಾರು ಬೇಕಾದರೂ ಹಣ ಹಾಕಬಹುದಾದ ವಾಲೆಟ್ ವಿಳಾಸವನ್ನು ಪ್ರಕಟಿಸಿದ ಗುಂಪು, ಬಂದ ನಾಣ್ಯ ವಿದೇಶಿಯರದ್ದಲ್ಲ ಎಂದು ಯಾವ ದಾಖಲೆಯಿಂದ ತೋರಿಸೀತು? ನಿಮ್ಮನ್ನು ಸಿಕ್ಕಿಸಲು ವಿರೋಧಿಯೊಬ್ಬ ಹೊರದೇಶದಿಂದ ಬೇಕೆಂದೇ ಹಣ ಹಾಕಿಸಿದರೂ ಅದನ್ನು ತಿರಸ್ಕರಿಸುವ ಗುಂಡಿ ಬಿಟ್‌ಕಾಯಿನ್‌ನಲ್ಲಿ ಇಲ್ಲ.

ಹೊರನಾಡ ಕನ್ನಡಿಗರು ಇಲ್ಲಿಯೇ ಎಚ್ಚರ ವಹಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಸಾಮಾನ್ಯ ಬ್ಯಾಂಕಿಂಗ್ ಮಾರ್ಗದಲ್ಲಿ ಕಳಿಸಿದ ಹಣವನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ ಎಂದು ಗೃಹ ಸಚಿವಾಲಯ ವಿವರಿಸಿದೆ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವವರು ಎಷ್ಟೇ ಅಭಿಮಾನಿಗಳಾಗಿದ್ದರೂ ಕಾಯಿದೆಯ ಲೆಕ್ಕದಲ್ಲಿ ವಿದೇಶಿ ಮೂಲವೇ. ಮೊದಲನೆಯವರಿಗಿರುವ ಅನುಕೂಲವೂ ‘ಬ್ಯಾಂಕಿಂಗ್ ಮಾರ್ಗ’ ಎಂಬ ಎರಡು ಪದಗಳ ಮೇಲೆ ನಿಂತಿರುವುದರಿಂದ, ಸುಲಭವೆಂದು ಬಿಟ್‌ಕಾಯಿನ್ ಕಳಿಸಿದರೆ ತಮಗಿದ್ದ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಂತೆ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಕಳಿಸುವುದೇ ಸರಿಯಾದ ದಾರಿ.

ಹಾಗಾದರೆ ಯಾವುದು?

ಕರ್ನಾಟಕದಲ್ಲಿ ಕೆಲಸ ಮಾಡುವ, ಖಾತೆ ಚಾಲ್ತಿಯಲ್ಲಿರುವ ಗುಂಪಿಗೆ ನನ್ನ ಉತ್ತರ ಯುಪಿಐ ಮತ್ತು ಅಚ್ಚುಹಾಕಿಸಿದ ರಸೀದಿ ಪುಸ್ತಕ. ಕ್ರಿಪ್ಟೋದಿಂದ ಬರಬಹುದಾದ ಹಣ ಅದು ತರುವ ಕಾನೂನಿನ ತೊಡಕಿಗೆ ಸಮನಾಗುವುದಿಲ್ಲ. ಖಾತೆ ಸ್ಥಗಿತಗೊಂಡರೆ ನ್ಯಾಯಾಲಯಕ್ಕೆ ಹೋಗುವ ದಾರಿ ನಿಧಾನವಾದರೂ ಇಲ್ಲಿ ತೆರೆದಿದೆ, ಅಲ್ಲಿಯವರೆಗೆ ನಡೆಯಲು ಒಂದು ತಿಂಗಳ ಖರ್ಚನ್ನು ಬೇರೊಂದು ಬ್ಯಾಂಕಿನಲ್ಲಿಡುವುದು ವಾಲೆಟ್‌ಗಿಂತ ಸರಳವಾದ ಮುನ್ನೆಚ್ಚರಿಕೆ. ಅಮೆರಿಕದಂಥ, ನಿಯಮ ಸ್ಪಷ್ಟವಾಗಿರುವ ದೇಶದಲ್ಲಿ ಸ್ಥಳೀಯ ರಾಜಕೀಯದಲ್ಲಿ ತೊಡಗಿರುವವರಿಗೆ ಪ್ರೊಸೆಸರ್ ಸಾಕು. ನ್ಯಾಯಾಲಯದಿಂದಲೂ ಪರಿಹಾರ ಸಿಗದ ದೇಶಗಳಲ್ಲಿ, ಹೊರಗೆ ನೆಲೆಸಿದವರು ನಡೆಸುವ ನಿಧಿಗಳಿಗೆ ಮಾತ್ರ ಸ್ವಂತ ವಾಲೆಟ್ಟು, ಬಿಟಿಸಿಪೇ ಸರ್ವರ್‌ಗಳ ಶ್ರಮ ಸಾರ್ಥಕ. ಅವರೂ ಒಳಗಿರುವವರು ನಾಣ್ಯವನ್ನು ನಗದು ಮಾಡಿಕೊಳ್ಳಲು ಸುರಕ್ಷಿತ ದಾರಿಯಿದೆಯೇ ಎಂದು ಸಣ್ಣ ಮೊತ್ತದಿಂದ ಮೊದಲೇ ಪರೀಕ್ಷಿಸಿ ನೋಡಿಕೊಂಡಿರಬೇಕು.

ಹಾಗೆ ಆರಿಸಿಕೊಂಡವರು ಕೀಲಿಯನ್ನು ಒಬ್ಬರ ಕೈಗೆ ಕೊಡಬಾರದು. ಮೂರು ಕೀಲಿಗಳಲ್ಲಿ ಯಾವುದಾದರೂ ಎರಡು ಸೇರಿದರಷ್ಟೇ ಹಣ ಹೊರಹೋಗುವ ಮಲ್ಟಿಸಿಗ್ ವಾಲೆಟ್ ಮಾಡಿ, ಮೂವರನ್ನು ಬೇರೆ ಬೇರೆ ಊರುಗಳಲ್ಲಿಟ್ಟರೆ ಒಬ್ಬರ ಬಂಧನ, ಸಾವು ಅಥವಾ ಮನಸ್ತಾಪದಿಂದ ನಿಧಿ ಮುಳುಗುವುದಿಲ್ಲ. ಪದಾಧಿಕಾರಿ ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸಿದಂತೆ ಇಲ್ಲಿ ಆಗುವುದಿಲ್ಲ. ಬಿಟ್ಟುಹೋದವರ ತಲೆಯಲ್ಲಿ ಆ ಪದಗಳು ಉಳಿದಿರಬಹುದಾದ್ದರಿಂದ ಹೊಸ ವಾಲೆಟ್ ಮಾಡಿ, ಶಿಲ್ಕನ್ನು ಅದಕ್ಕೆ ಸಾಗಿಸಿ, ವರ್ಗಾವಣೆಯ ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ದೇಣಿಗೆ ಬಂದ ದಿನದ ರೂಪಾಯಿ ಅಥವಾ ಡಾಲರ್ ಬೆಲೆಯನ್ನು ಅದೇ ದಿನ ದಾಖಲಿಸಬೇಕು, ಏಕೆಂದರೆ ವರ್ಷದ ಕೊನೆಯಲ್ಲಿ ಲೆಕ್ಕ ಪರಿಶೋಧಕರು ಕೇಳುವುದು ಅದನ್ನೇ. ಹಳೆಯ ವಿಳಾಸದ ಕೀಲಿಗಳನ್ನು ಮಾತ್ರ ನಾಶಮಾಡಬಾರದು. ಹಳೆಯ ಕರಪತ್ರ ನೋಡಿ ಯಾರಾದರೂ ವರ್ಷಗಳ ನಂತರವೂ ಅದಕ್ಕೇ ಹಣ ಕಳಿಸಬಹುದು, ಮತ್ತು ಆ ಕೀಲಿಗಳಿಲ್ಲದೆ ಅದನ್ನು ತೆಗೆಯುವ ಅಥವಾ ಹಿಂದಿರುಗಿಸುವ ಬೇರಾವ ಉಪಾಯವೂ ಇಲ್ಲ.